ಕೋರ್ಟೇ ಮುಟ್ಟದ ದುಡ್ಡಿಗೆ ಬ್ಯಾಂಕ್ ಕೈ ಹಾಕಬಹುದೇ?

ಬರ ಪರಿಹಾರ ಅಂದರೆ ಏನು ಅನ್ನುವುದನ್ನು ನಮ್ಮ ಬ್ಯಾಂಕುಗಳಿಗೆ ಯಾರಾದರೂ ಬಿಡಿಸಿ ಹೇಳಬೇಕು. ಅದು ಬೆಳೆ ಮಾರಿ ಬಂದ ಲಾಭವಲ್ಲ. ಲಾಟರಿಯೂ ಅಲ್ಲ. ಬಿತ್ತಿದ ಶೇಂಗಾ ಹೊಲದಲ್ಲೇ ಒಣಗಿ, ಗಿಡ ಕಿತ್ತು ನೋಡಿದರೆ ಬುಡದಲ್ಲಿ ಕಾಯಿಲ್ಲ ಅಂತಾದಾಗ, ಮುಂದಿನ ಮುಂಗಾರಿನವರೆಗೆ ಮನೆಮಂದಿ ಜೀವ ಹಿಡಿದುಕೊಂಡಿರಲಿ ಅಂತ ಸರ್ಕಾರ ಕೊಡುವ ಪುಡಿಗಾಸು. ಅದಕ್ಕೂ ಕೈ ಹಾಕಿದರೆ ಅದನ್ನು ಸಾಲ ವಸೂಲಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಪುಡಿಗಾಸು ಅಂದದ್ದಕ್ಕೆ ಲೆಕ್ಕ ಕೊಡುತ್ತೇನೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಚಳ್ಳಕೆರೆ, ಮೊಳಕಾಲ್ಮುರು ಆ ಪಟ್ಟಿಯಲ್ಲಿ ಇದ್ದವು ಅಂತ ಹೇಳುವುದೇ ಬೇಡ. ಬರದ ಪಟ್ಟಿ ಅಂದ ಮೇಲೆ ನಮ್ಮ ಹೆಸರಿಲ್ಲದೆ ಇರುತ್ತದೆಯೇ? ಕೇಂದ್ರದ ದುಡ್ಡು ಬರಲಿಲ್ಲ ಅಂತ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2024ರ ಏಪ್ರಿಲ್ ಕೊನೆಗೆ ₹3,454 ಕೋಟಿ ಬಿಡುಗಡೆಯಾಯಿತು. ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ ₹8,500, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಎಕರೆ ಲೆಕ್ಕದಲ್ಲಿ ನೋಡಿದರೆ ಹೆಚ್ಚುಕಮ್ಮಿ ₹3,400. ಒಂದು ಎಕರೆಗೆ ಬೇಕಾದ ಬಿತ್ತನೆ ಶೇಂಗಾವೇ ಈ ದುಡ್ಡಿಗೆ ಬರುವುದು ಕಷ್ಟ. ಉಳುಮೆ, ಗೊಬ್ಬರ, ಕೂಲಿ ಮಾತು ಆಮೇಲೆ.

ದೆಹಲಿಯಿಂದ ಇಷ್ಟು ಜಗಳವಾಡಿ ತಂದ ದುಡ್ಡು ರೈತನ ಖಾತೆಗೆ ಬಂದು ಕೂತಿತು. ಕೂತಿದ್ದು ಕೂತೇ ಇತ್ತು. ಕೆಲವು ಕಡೆ ಬ್ಯಾಂಕಿನವರು ಅದನ್ನು ಹಳೆ ಸಾಲಕ್ಕೆ ಜಮಾ ಮಾಡಿಕೊಂಡರು, ಕೆಲವು ಕಡೆ ಖಾತೆಯನ್ನೇ ಹೋಲ್ಡ್ ಮಾಡಿದರು. ಹಲವು ಜಿಲ್ಲೆಗಳಿಂದ ದೂರು ಬಂದ ಮೇಲೆ, 2024ರ ಮೇ ತಿಂಗಳಲ್ಲಿ, ಬರ ಪರಿಹಾರವನ್ನು ಸಾಲಕ್ಕೆ ಹೊಂದಾಣಿಕೆ ಮಾಡಿಕೊಳ್ಳಬೇಡಿ ಅಂತ ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಸೂಚನೆ ಕೊಡಬೇಕಾಯಿತು. ಇಂಥ ಮಾತನ್ನು ಸರ್ಕಾರ ಬಾಯಿಬಿಟ್ಟು ಹೇಳಬೇಕಾಗಿ ಬಂತಲ್ಲ, ನಾಚಿಕೆಯ ವಿಷಯ ಅದು.

ಇದು ಆಗುವುದು ಹೇಗೆ ಅನ್ನುವುದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪರಿಹಾರದ ದುಡ್ಡು ನಿಮ್ಮ ಎಫ್‌ಐಡಿ ನಂಬರ್ ಮೇಲೆ ಮಂಜೂರಾಗುತ್ತದೆ. ಆದರೆ ಯಾವ ಖಾತೆಗೆ ಹೋಗಬೇಕು ಅಂತ ತೀರ್ಮಾನ ಮಾಡುವುದು ಆಧಾರ್. ಎನ್‌ಪಿಸಿಐ ಅನ್ನುವ ಸಂಸ್ಥೆಯಲ್ಲಿ ನಿಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಬ್ಯಾಂಕಿನ ಖಾತೆಗೆ ದುಡ್ಡು ಬಂದು ಬೀಳುತ್ತದೆ. ಸಾಲ ಕೊಡುವಾಗ ಮೊದಲು ಕೇಳುವ ಕಾಗದ ಯಾವುದು? ಆಧಾರ್. ಹಾಗಾಗಿ ಎಷ್ಟೋ ಮನೆಗಳಲ್ಲಿ ಆಧಾರ್ ಜೋಡಣೆಯಾಗಿರುವುದು ಸಾಲ ಇರುವ ಬ್ಯಾಂಕಿಗೇ. ನರೇಗಾ ಕೂಲಿ, ವಿಧವಾ ವೇತನ, ಸಂಧ್ಯಾ ಸುರಕ್ಷಾ, ಗೃಹಲಕ್ಷ್ಮಿಯ ₹2,000, ಎಲ್ಲವೂ ಆ ಒಂದೇ ಬಾಗಿಲಲ್ಲಿ ಒಳಗೆ ಹೋಗಬೇಕು. ಬಾಗಿಲಲ್ಲಿ ಸಾಲಗಾರ ಬ್ಯಾಂಕು ಕೂತಿದೆ. ಸರ್ಕಾರ ಕೊಟ್ಟಿದ್ದು ಬಡವನಿಗೆ, ಬೀಗದ ಕೈ ಮಾತ್ರ ಬ್ಯಾಂಕಿನ ಹತ್ತಿರ.

ಮೊಳಕಾಲ್ಮುರು ತಾಲೂಕಿನ ಒಂದು ಊರಲ್ಲಿ ಒಬ್ಬ ಅಜ್ಜಿ ಸಿಕ್ಕರು. ಬ್ಯಾಂಕಿನ ಹೆಸರು ಬರೆಯುವುದಿಲ್ಲ, ಬರೆದರೆ ಅಜ್ಜಿ ಯಾರು ಅಂತ ಆ ಶಾಖೆಯವರಿಗೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಬೆಳೆ ಸಾಲ ತೆಗೆದದ್ದು ಗಂಡ. ಗಂಡ ತೀರಿಕೊಂಡಿದ್ದಾರೆ. ಜಾಮೀನಿನ ಕಾಗದದಲ್ಲಿ ಅಜ್ಜಿಯ ಹೆಬ್ಬೆಟ್ಟು ಇದೆಯಂತೆ. "ದುಡ್ಡು ಬಂದೈತೆ ಅಂತಾರೆ, ಕೊಡಕ್ಕೆ ಬರಲ್ಲ ಅಂತಾರೆ. ಬಂದೈತೆ ಅಂದ್ಮೇಲೆ ಕೊಡಕ್ಕೇನಪ್ಪಾ?" ಅಂತ ನನ್ನನ್ನು ಕೇಳಿದರು. ಬ್ಯಾಂಕ್ ಮಿತ್ರನ ಮಷಿನ್ ಮೇಲೆ ಬೆರಳಿಟ್ಟರೆ ಬ್ಯಾಲೆನ್ಸ್ ತೋರಿಸುತ್ತದೆ, ದುಡ್ಡು ಬಿಡುವುದಿಲ್ಲ. ಮೂರು ಸಲ ಬಸ್ ಹತ್ತಿ ಶಾಖೆಗೆ ಹೋಗಿದ್ದಾರೆ. ಯಾರೂ ಒಂದು ಚೀಟಿಯಲ್ಲಿ ಕಾರಣ ಬರೆದು ಕೊಟ್ಟಿಲ್ಲ.

ಬೇರೆ ಒಂದು ಶಾಖೆಯ ಮ್ಯಾನೇಜರನ್ನು ಈ ಬಗ್ಗೆ ಕೇಳಿದೆ. ಒಳ್ಳೆಯ ಮನುಷ್ಯ, ಚಹಾ ತರಿಸಿದರು. "ಸಾರ್, ನಾವು ಕೊಟ್ಟಿರೋದು ಡಿಪಾಸಿಟ್ ಇಟ್ಟವರ ದುಡ್ಡು. ತಗೊಂಡವರು ಕಟ್ಟಬೇಕಲ್ವಾ? ಎನ್‌ಪಿಎ ಜಾಸ್ತಿ ಆದ್ರೆ ಮೇಲಿನವರು ನನ್ನನ್ನ ಕೇಳ್ತಾರೆ. ಹೋಲ್ಡ್ ಹಾಕಿದ್ರೆ ಮಾತ್ರ ಜನ ಶಾಖೆಗೆ ಬರ್ತಾರೆ" ಅಂದರು.

ಕಟ್ಟಬೇಕು ಅನ್ನುವುದು ಸರಿ. ನಮ್ಮ ಕಡೆಯ ಜನ ಸಾಲವನ್ನು ಹಗುರವಾಗಿ ತೆಗೆದುಕೊಂಡವರಲ್ಲ. ಅಪ್ಪನ ಸಾಲ ಮಗ ತೀರಿಸಿದ ಮನೆಗಳು ಪ್ರತಿ ಊರಲ್ಲೂ ಇವೆ. ನನ್ನ ಜಗಳ ಸಾಲ ಕಟ್ಟುವುದರ ಬಗ್ಗೆ ಅಲ್ಲ. ಯಾವ ದುಡ್ಡಿನಿಂದ ಅನ್ನುವುದರ ಬಗ್ಗೆ. ಮ್ಯಾನೇಜರ್ ಹೇಳಿದ ಕೊನೆಯ ಮಾತನ್ನೇ ನೋಡಿ. ಹೋಲ್ಡ್ ಹಾಕಿದರೆ ಜನ ಬರುತ್ತಾರೆ. ಹೌದು, ಬರುತ್ತಾರೆ. ಹಸಿವಾದರೆ ಯಾರು ತಾನೇ ಬರುವುದಿಲ್ಲ?

ಈಗ ಕಾನೂನಿಗೆ ಬರೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಬ್ರಿಟಿಷರ ಕಾಲದ್ದು. ಬಡವರ ಮೇಲೆ ಕರುಣೆಯಿಂದ ರಾಜ್ಯ ಆಳಿದವರಲ್ಲ ಅವರು. ಆದರೂ ಅದರ 60ನೇ ಕಲಂನಲ್ಲಿ ಒಂದು ಪಟ್ಟಿ ಇದೆ. ಸಾಲಗಾರನ ಮೇಲೆ ಕೋರ್ಟ್ ಡಿಕ್ರಿ ಆದರೂ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ. ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. ಕುಶಲಕರ್ಮಿಯ ಉಪಕರಣ. ರೈತನ ನೇಗಿಲು ನೊಗ, ಬದುಕಿಗೆ ಬೇಕಾದ ಎತ್ತು ದನ, ಬಿತ್ತನೆ ಬೀಜ, ಅವನು ವಾಸ ಇರುವ ಮನೆ. ಕೂಲಿಯವರ ಕೂಲಿ. ಸರ್ಕಾರಿ ಪಿಂಚಣಿದಾರರ ಪಿಂಚಣಿ.

ಕೊಂಡ್ಲಹಳ್ಳಿಯ, ಕೋನಸಾಗರದ ನೇಕಾರರು ಈ ಪಟ್ಟಿಯನ್ನು ಇನ್ನೊಂದು ಸಲ ಓದಬೇಕು. ಮೊಳಕಾಲ್ಮುರು ರೇಷ್ಮೆ ಸೀರೆ ಅಂತ ದೇಶವೆಲ್ಲ ಹೆಸರಾಗಿದೆ, ಭೌಗೋಳಿಕ ಗುರುತಿನ ಪಟ್ಟಿಗೂ ಸೇರಿದೆ. ಅದನ್ನು ನೇಯುವ ಮಗ್ಗ ಕುಶಲಕರ್ಮಿಯ ಉಪಕರಣ. ನೀವು ಅದನ್ನೇ ಅಡಮಾನಕ್ಕೆ ಬರೆದುಕೊಟ್ಟಿದ್ದರೆ ಮಾತು ಬೇರೆ. ಇಲ್ಲದಿದ್ದರೆ "ಮಗ್ಗ ಎತ್ತಿಕೊಂಡು ಹೋಗ್ತೀವಿ" ಅಂತ ಜಗುಲಿಯ ಮೇಲೆ ನಿಂತು ಹೆದರಿಸುವವನಿಗೆ ಬಾಯಿಮಾತಿನ ಹಕ್ಕೂ ಇಲ್ಲ.

ಈ ಪಟ್ಟಿಯ ಹಿಂದಿನ ವಿವೇಕ ಸರಳ. ಸಾಲಗಾರ ಬದುಕಿದ್ದರೆ ತಾನೇ ಸಾಲ ತೀರಿಸುವುದು? ಬೀಜ ಕಸಿದುಕೊಂಡರೆ ಮುಂದಿನ ಬೆಳೆಯೂ ಇಲ್ಲ, ಮುಂದಿನ ಕಂತೂ ಇಲ್ಲ.

ಬರ ಪರಿಹಾರ, ಸಂಧ್ಯಾ ಸುರಕ್ಷಾ ಅಂತ ಹೆಸರು ಹೇಳಿ ಆ ಪಟ್ಟಿಯಲ್ಲಿ ಬರೆದಿಲ್ಲ. 1908ರಲ್ಲಿ ಅವು ಇರಲೂ ಇಲ್ಲ. ಬ್ಯಾಂಕಿನ ವಕೀಲರು ಇದನ್ನೇ ಹಿಡಿದುಕೊಳ್ಳುತ್ತಾರೆ. ಅದರ ಮೇಲೆ ಇನ್ನೊಂದು ವಾದ ಹೂಡುತ್ತಾರೆ: 60ನೇ ಕಲಂ ಇರುವುದು ಕೋರ್ಟಿನ ಜಪ್ತಿಗೆ, ನಾವು ಜಪ್ತಿ ಮಾಡುತ್ತಿಲ್ಲ, 1872ರ ಕರಾರು ಕಾಯ್ದೆಯ 171ನೇ ಕಲಂ ಪ್ರಕಾರ ನಮ್ಮ ಬಳಿ ಇರುವ ಗ್ರಾಹಕನ ಸ್ವತ್ತನ್ನು ತಡೆದು ಇಟ್ಟುಕೊಳ್ಳುವ ಹಕ್ಕು ಬ್ಯಾಂಕಿಗೆ ಇದೆ, ಅಷ್ಟೇ.

ಸರಿ, ಹಾಗಾದರೆ ಇದರ ಅರ್ಥ ಏನಾಯಿತು? ಎರಡೂ ಕಡೆಯ ಮಾತು ಕೇಳಿ, ಸಾಕ್ಷಿ ನೋಡಿ, ವರ್ಷಗಟ್ಟಲೆ ವಿಚಾರಣೆ ನಡೆಸಿ ತೀರ್ಪು ಕೊಟ್ಟ ನ್ಯಾಯಾಧೀಶರು ಸಹ ಕೂಲಿಯವನ ಕೂಲಿಗೆ ಕೈ ಹಾಕುವಂತಿಲ್ಲ. ಆದರೆ ಕೇಸೂ ಇಲ್ಲ, ನೋಟಿಸೂ ಇಲ್ಲ, ಆ ಕಡೆ ಕೂತವರ ಮಾತು ಕೇಳುವುದೂ ಇಲ್ಲ, ಶಾಖೆಯ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಅದೇ ಕೂಲಿ ನಿಂತು ಹೋಗುತ್ತದೆ. ಜಡ್ಜ್ ಸಾಹೇಬರಿಗೆ ಇಲ್ಲದ ಅಧಿಕಾರ ಕೌಂಟರಿಗೆ ಬಂದದ್ದು ಎಲ್ಲಿಂದ?

ಯಾವ ದುಡ್ಡು ಯಾವುದು ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ ಅಂತ ಒಬ್ಬರು ಹೇಳಿದರು. ಇದು ನಂಬುವ ಮಾತಲ್ಲ. ಆಧಾರ್ ಮೂಲಕ ಬರುವ ಸರ್ಕಾರಿ ದುಡ್ಡು ಬೇರೆ ದಾರಿಯಲ್ಲೇ ಬರುತ್ತದೆ, ಪಾಸ್‌ಬುಕ್ಕಿನಲ್ಲಿ ಅದರ ಗುರುತು ಬೇರೆಯೇ ಇರುತ್ತದೆ. ಗೊತ್ತಾಗುತ್ತದೆ. ಬೇಕಾಗಿಲ್ಲ, ಅಷ್ಟೇ.

ಮಾನವ ಹಕ್ಕು ಅಂದರೆ ಲಾಕಪ್ಪು, ಪೊಲೀಸ್ ಹೊಡೆತ ಅಂತಲೇ ನಾವು ತಿಳಿದುಕೊಂಡಿದ್ದೇವೆ. ಸಾಲಕ್ಕೂ ಮಾನವ ಹಕ್ಕಿಗೂ ನಂಟು ಇದೆ ಅಂತ ನಮ್ಮ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಅದೂ ಒಂದು ಬ್ಯಾಂಕಿನ ಕೇಸಿನಲ್ಲೇ. ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚ್ಚಿನ್ ನಡುವಿನ ಕೇಸು. ಸಾಲ ಕಟ್ಟದವರನ್ನು ಸಿವಿಲ್ ಜೈಲಿಗೆ ಹಾಕಿಸುವ ಪದ್ಧತಿ ಆಗ ಇತ್ತು. ಕಟ್ಟುವ ಶಕ್ತಿ ಇದ್ದೂ ದುರುದ್ದೇಶದಿಂದ ಕಟ್ಟದವನು ಬೇರೆ, ಕಟ್ಟಲಾಗದ ಬಡವ ಬೇರೆ, ಬಡತನ ಅಪರಾಧವಲ್ಲ, ಕೈಯಲ್ಲಿ ಇಲ್ಲದವನನ್ನು ಜೈಲಿಗೆ ಹಾಕುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂತ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದರು. ಭಾರತ ಒಪ್ಪಿಕೊಂಡ ಅಂತರರಾಷ್ಟ್ರೀಯ ಒಡಂಬಡಿಕೆಯೂ ಅದನ್ನೇ ಹೇಳುತ್ತದೆ ಅಂತ ಅದರ 11ನೇ ವಿಧಿಯನ್ನು ತೋರಿಸಿದರು.

ಈ ತೀರ್ಪು ಬಂದು 38 ವರ್ಷ ಆದ ಮೇಲೆ ನಮ್ಮದೇ ರಾಜ್ಯದ ಬೆಳಗಾವಿ ಜಿಲ್ಲೆಯಲ್ಲಿ ಏನಾಯಿತು ಅಂತ ಕೆಲವರಿಗಾದರೂ ನೆನಪಿರಬಹುದು. 2018ರ ನವೆಂಬರಿನಲ್ಲಿ ಸುಮಾರು 180 ರೈತರ ಮೇಲೆ ಕೋಲ್ಕತ್ತಾದ ಕೋರ್ಟಿನಿಂದ ಬಂಧನ ವಾರಂಟ್ ಬಂತು. ಸಾಲ ಕೊಟ್ಟಿದ್ದು ಆಕ್ಸಿಸ್ ಬ್ಯಾಂಕ್, ಕೇಸು ಚೆಕ್ ಬೌನ್ಸ್. ಸಾಲ ಕೊಟ್ಟಿದ್ದು ಬೆಳಗಾವಿಯಲ್ಲಿ, ಕೇಸು ಹಾಕಿದ್ದು ಕೋಲ್ಕತ್ತಾದಲ್ಲಿ. ಅಲ್ಲಿಗೆ ಹೋಗಿ ಬರುವ ರೈಲಿನ ಖರ್ಚಿಗೇ ಇನ್ನೊಂದು ಸಾಲ ಬೇಕು. ಗದ್ದಲ ಆಯಿತು, ಕುಮಾರಸ್ವಾಮಿ ಸರ್ಕಾರ ನಡುವೆ ಬಂತು, ಕೇಸು ವಾಪಸ್ ತೆಗೆಯುತ್ತೇವೆ ಅಂತ ಬ್ಯಾಂಕು ಹೇಳಿತು. ಸಾಲದ ಕೇಸನ್ನು ಚೆಕ್ಕಿನ ಕೇಸು ಮಾಡಿಬಿಟ್ಟರೆ ಜೈಲಿನ ಬಾಗಿಲು ಮತ್ತೆ ತೆರೆಯುತ್ತದೆ ಅನ್ನುವ ಉಪಾಯ ಮಾತ್ರ ಹಾಗೇ ಉಳಿದಿದೆ. ಸಾಲ ತೆಗೆಯುವಾಗ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ ಅಂತ ನೀವೇ ಎಣಿಸಿಕೊಳ್ಳಿ.

2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ, ವ್ಯವಹಾರ ಮಾಡುವ ಎಲ್ಲ ಕಂಪನಿಗಳಿಗೂ ಅನ್ವಯಿಸುವ ತತ್ವಗಳನ್ನು ಒಪ್ಪಿತು. ಜನರ ಹಕ್ಕು ಕಾಪಾಡುವುದು ಸರ್ಕಾರದ ಕೆಲಸ, ಆದರೆ ಹಕ್ಕಿಗೆ ಧಕ್ಕೆ ತರದೆ ವ್ಯವಹಾರ ಮಾಡುವುದು ಕಂಪನಿಯ ಸ್ವಂತ ಹೊಣೆ, ಧಕ್ಕೆ ಆದರೆ ಪರಿಹಾರದ ದಾರಿ ಇರಬೇಕು ಅನ್ನುವುದು ಅದರ ಸಾರ. ಭಾರತ ಸರ್ಕಾರ 2019ರಲ್ಲಿ ಹೊರಡಿಸಿದ ಜವಾಬ್ದಾರಿಯುತ ವ್ಯವಹಾರದ ಮಾರ್ಗಸೂಚಿಯ ಐದನೇ ತತ್ವ ಮಾನವ ಹಕ್ಕಿನದೇ. ಷೇರುಪೇಟೆಯ ದೊಡ್ಡ ಸಾವಿರ ಕಂಪನಿಗಳು ಪ್ರತಿ ವರ್ಷ ಇದರ ಬಗ್ಗೆ ವರದಿ ಕೊಡಲೇಬೇಕು ಅಂತ ಸೆಬಿ ನಿಯಮ ಇದೆ. ಸ್ಟೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಎರಡೂ ಆ ಸಾಲಿನಲ್ಲಿವೆ. ಅಂದರೆ ಮುಂಬೈಯಲ್ಲಿ, ಬೆಂಗಳೂರಿನಲ್ಲಿ, ಹೊಳೆಯುವ ಕಾಗದದ ಮೇಲೆ, ಮಾನವ ಹಕ್ಕಿನ ಮಾತು ಪ್ರತಿ ವರ್ಷ ಅಚ್ಚಾಗುತ್ತದೆ. ಆ ಕಾಗದ ರಾಂಪುರ, ಪರಶುರಾಂಪುರದವರೆಗೆ ಬರುವುದಿಲ್ಲ. ಇಲ್ಲಿಗೆ ಬರುವುದು ವಸೂಲಿಯ ಟಾರ್ಗೆಟ್ ಮಾತ್ರ.

ನಮ್ಮ ಕಡೆ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಬ್ಯಾಂಕಿನ ಕಾಗದದಲ್ಲಿ ಇಂಗ್ಲಿಷ್. ಏನಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇವೆ ಅಂತ ಗೊತ್ತಿಲ್ಲದೆ ಒತ್ತಿದ್ದಕ್ಕೆ ಒಪ್ಪಿಗೆ ಅಂತ ಹೆಸರು.

ಸಂಘದ ಸಾಲದ ಹೆಣ್ಣುಮಕ್ಕಳ ವಿಷಯ ಇನ್ನೂ ಕೆಟ್ಟದ್ದು. ವಾರದ ಕಂತು ತಪ್ಪಿದರೆ ಹೊರಗಿನವರು ಬೇಕಾಗಿಲ್ಲ, ಗುಂಪಿನ ಅಕ್ಕಪಕ್ಕದವರನ್ನೇ ಮನೆ ಮುಂದೆ ಕೂರಿಸುತ್ತಾರೆ. 2025ರ ಜನವರಿಯಲ್ಲಿ ರಾಜ್ಯದ ಹಲವು ಕಡೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂತು. ಫೆಬ್ರವರಿ 12ಕ್ಕೆ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಅಂತ ಕೇಳಿ ಎಲ್ಲರೂ ಖುಷಿಪಟ್ಟರು. ಆದರೆ ಸಾಲ ಮನ್ನಾ ಆಗುವ ಅಂಶ ಇದ್ದದ್ದು ಲೈಸೆನ್ಸ್ ಇಲ್ಲದ, ನೋಂದಣಿ ಇಲ್ಲದ ಕಂಪನಿಗಳ ಸಾಲಕ್ಕೆ. ಬೋರ್ಡ್ ಹಾಕಿಕೊಂಡ ದೊಡ್ಡ ಮೈಕ್ರೋಫೈನಾನ್ಸ್ ಕಂಪನಿಗಳಿಗೆ ಬಂಡವಾಳ ಎಲ್ಲಿಂದ ಬರುತ್ತದೆ? ಅದರಲ್ಲಿ ದೊಡ್ಡ ಪಾಲು ಬ್ಯಾಂಕುಗಳ ಸಾಲ. ಕೊಟ್ಟ ಬ್ಯಾಂಕು ಅದನ್ನು ದುರ್ಬಲ ವರ್ಗಕ್ಕೆ ಕೊಟ್ಟ ಸಾಲ ಅಂತ ಲೆಕ್ಕ ತೋರಿಸುವುದೂ ಉಂಟು. ಪುಣ್ಯದ ಲೆಕ್ಕ ಬ್ಯಾಂಕಿಗೆ, ಬೈಗುಳದ ಲೆಕ್ಕ ಬೈಕಿನಲ್ಲಿ ಬರುವ ಹುಡುಗನಿಗೆ. ತನ್ನ ವ್ಯವಹಾರದ ಸರಪಳಿಯ ಇನ್ನೊಂದು ತುದಿಯಲ್ಲಿ ಆಗುವ ಅನ್ಯಾಯಕ್ಕೂ ಕಂಪನಿ ಹೊಣೆ ಹೊರಬೇಕು ಅಂತಲೇ ವಿಶ್ವಸಂಸ್ಥೆಯ ಆ ತತ್ವಗಳು ಹೇಳುವುದು. ಆ ಹುಡುಗನೂ ನಮ್ಮಂಥ ಊರಿನವನೇ, ಪಿಯುಸಿ ಮುಗಿಸಿ ಕೆಲಸ ಸಿಗದೆ ಬಂದವನು.

ರಿಸರ್ವ್ ಬ್ಯಾಂಕಿನ ನಿಯಮ ಇಲ್ಲ ಅಂತಲ್ಲ, ಇದೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿರ್ದೇಶನದ ಪ್ರಕಾರ ಸಣ್ಣ ಸಾಲದವರಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು, ಎರಡು ಸಲ ಸತತವಾಗಿ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ನೆಂಟರಿಗೆ, ಅಕ್ಕಪಕ್ಕದವರಿಗೆ ಕಿರುಕುಳ ಕೊಡುವಂತಿಲ್ಲ. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಏಜೆಂಟ್ ಮಾಡಿದ ತಪ್ಪಿಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ. ಇದರಲ್ಲಿ ಒಂದನ್ನಾದರೂ ನಿಮಗೆ ಯಾರಾದರೂ ಹೇಳಿದ್ದಾರಾ?

ಬರದ ನಿಯಮವೂ ಹೀಗೇ ಮುಚ್ಚಿಟ್ಟ ಗಂಟು. 2023ರ ಬರದ ಹೊತ್ತಿಗೆ ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನ ಚಾಲ್ತಿಯಲ್ಲಿತ್ತು. ಬೆಳೆ ನಷ್ಟ ಶೇ 33ರಿಂದ 50ರೊಳಗಿದ್ದರೆ ಬೆಳೆ ಸಾಲ ತೀರಿಸಲು ಎರಡು ವರ್ಷದವರೆಗೆ, ಅದಕ್ಕಿಂತ ಹೆಚ್ಚಿದ್ದರೆ ಐದು ವರ್ಷದವರೆಗೆ ಕಾಲಾವಕಾಶ ಕೊಡಬಹುದು, ಎರಡರಲ್ಲೂ ಮೊದಲ ಒಂದು ವರ್ಷ ಕಂತು ಕೇಳುವಂತಿಲ್ಲ. ಇದು ಮನ್ನಾ ಅಲ್ಲ, ಗಡುವು ಮುಂದಕ್ಕೆ ಹಾಕುವುದು. ಹೀಗೆ ಮುಂದಕ್ಕೆ ಹೋಗಬೇಕಿದ್ದ ಸಾಲವನ್ನೇ ತೋರಿಸಿ, ಅದೇ ಬರದ ಪರಿಹಾರಕ್ಕೆ ಹೋಲ್ಡ್ ಹಾಕುವುದು ಯಾವ ಸೀಮೆಯ ನಿಯಮ?

ಮೊದಲಾದರೆ ಬರ ಬಂದರೆ ಕುರಿ, ದನ ಹೊಡೆದುಕೊಂಡು ಕಾವಲಿಗೆ ಹೋಗುತ್ತಿದ್ದರು. ಚಳ್ಳಕೆರೆ ತಾಲೂಕಿನ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೋ, ಬಾರ್ಕ್, ಐಐಎಸ್‌ಸಿಗಳಿಗೆ ಹೋಗಿ ಗೋಡೆ ಎದ್ದಿದೆ. ಅದು ಬೇರೆ ಕಥೆ, ಇಲ್ಲಿ ಎಳೆಯುವುದಿಲ್ಲ. ಆದರೆ ಕೈಯಲ್ಲಿದ್ದ ಒಂದು ಆಸರೆ ಕಡಿಮೆಯಾದ ಮೇಲೆ ಖಾತೆಗೆ ಬರುವ ಈ ಸಣ್ಣ ಮೊತ್ತಗಳೇ ಎಷ್ಟೋ ಮನೆಗಳ ಕಾವಲು ಅನ್ನುವುದನ್ನು ಚಿತ್ರದುರ್ಗದಲ್ಲಿ ಸಭೆ ನಡೆಸುವವರು ತಿಳಿದಿರಬೇಕು.

ಡಿಪಾಸಿಟ್ ಇಟ್ಟವರ ದುಡ್ಡು ಅನ್ನುವ ಮಾತಿಗೂ ಉತ್ತರ ಕೊಡಬೇಕು. 2014-15ರಿಂದ 2022-23ರವರೆಗೆ ಒಂಬತ್ತು ವರ್ಷದಲ್ಲಿ ವಾಣಿಜ್ಯ ಬ್ಯಾಂಕುಗಳು ₹14.56 ಲಕ್ಷ ಕೋಟಿ ಸಾಲವನ್ನು ರೈಟ್ ಆಫ್ ಮಾಡಿವೆ ಅಂತ ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಅದರಲ್ಲಿ ಸುಮಾರು ಅರ್ಧ ದೊಡ್ಡ ಉದ್ಯಮಗಳದ್ದು. ರೈಟ್ ಆಫ್ ಅಂದರೆ ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಅಂತ ಬ್ಯಾಂಕಿನವರು ಹೇಳುತ್ತಾರೆ. ಒಪ್ಪೋಣ, ಕಾಗದದ ಮೇಲೆ ಅದು ನಿಜ. ಹಾಗಿದ್ದರೆ ಆ ದೊಡ್ಡವರ ಊಟದ ದುಡ್ಡಿಗೆ ಯಾವ ಶಾಖೆ ಹೋಲ್ಡ್ ಹಾಕಿದೆ?

ಈಗ ನೀವು ಮಾಡಬಹುದಾದ ಕೆಲಸ. ದುಡ್ಡು ತಡೆದಿದ್ದಾರೆ ಅಂತಾದರೆ ಜಗಳ ಮಾಡಬೇಡಿ, ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಅರ್ಜಿ ಬರೆಯಿರಿ: ನನ್ನ ಖಾತೆಗೆ ಇಂಥ ದಿನ ಬಂದ ಇಂಥ ಯೋಜನೆಯ ಇಷ್ಟು ದುಡ್ಡನ್ನು ಯಾವ ನಿಯಮದ ಪ್ರಕಾರ ತಡೆದಿದ್ದೀರಿ, ಬರೆದು ಕೊಡಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸೀಲು ಬಿದ್ದ ಆ ಪ್ರತಿಯೇ ನಿಮ್ಮ ಆಯುಧ. 30 ದಿನ ಕಾದು ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಡ, ಗ್ರಾಮೀಣ ಬ್ಯಾಂಕುಗಳೂ ಅದರ ವ್ಯಾಪ್ತಿಯಲ್ಲಿವೆ. ಸಹಾಯವಾಣಿ 14448. ಅರ್ಜಿಯ ಒಂದು ಪ್ರತಿಯನ್ನು ತಹಶೀಲ್ದಾರರಿಗೆ, ಇನ್ನೊಂದನ್ನು ಜಿಲ್ಲಾಧಿಕಾರಿಗೆ ಕೊಡಿ, ಜಿಲ್ಲೆಯ ಬ್ಯಾಂಕರ್‌ಗಳ ಸಮಿತಿಗೆ ಅವರೇ ಅಧ್ಯಕ್ಷರು. ಸರ್ಕಾರಿ ಬ್ಯಾಂಕಿನ ಅಧಿಕಾರಿ ಸಾರ್ವಜನಿಕ ನೌಕರ, ಹಾಗಾಗಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು. ಸಾಲ ಇಲ್ಲದ ಇನ್ನೊಂದು ಬ್ಯಾಂಕಿಗೋ ಅಂಚೆ ಬ್ಯಾಂಕಿಗೋ ಆಧಾರ್ ಜೋಡಣೆ ಬದಲಾಯಿಸಿಕೊಳ್ಳುವುದು ನಿಮ್ಮ ಹಕ್ಕು. ಅದು ಸಾಲ ತಪ್ಪಿಸಿಕೊಳ್ಳುವ ದಾರಿ ಅಲ್ಲ, ಸಾಲ ಸಾಲದ ಜಾಗದಲ್ಲೇ ಇರುತ್ತದೆ.

ಜಿಲ್ಲಾಡಳಿತಕ್ಕೆ ಮತ್ತು ಲೀಡ್ ಬ್ಯಾಂಕಿಗೆ ನಮ್ಮ ಬೇಡಿಕೆ ಒಂದೇ. ಪರಿಹಾರ, ಪಿಂಚಣಿ, ಕೂಲಿ, ಗೃಹಲಕ್ಷ್ಮಿ, ಇವಕ್ಕೆ ಹೋಲ್ಡ್ ಹಾಕುವುದಿಲ್ಲ, ಸಾಲಕ್ಕೆ ಜಮಾ ಮಾಡಿಕೊಳ್ಳುವುದಿಲ್ಲ ಅಂತ ಎರಡು ಸಾಲು ಕನ್ನಡದಲ್ಲಿ ಬರೆಸಿ, ಎರಡೂ ತಾಲೂಕಿನ ಪ್ರತಿ ಶಾಖೆಯ ಬಾಗಿಲಿಗೆ ಅಂಟಿಸಿ. ಬರ ಬಂದ ಮೇಲೆ, ದೂರು ಬಂದ ಮೇಲೆ ಸೂಚನೆ ಹೊರಡಿಸುವ ಆಟ ಸಾಕು.

ಕಳೆದ ಎರಡು ವರ್ಷದ ಬ್ಯಾಂಕರ್‌ಗಳ ಸಮಿತಿ ಸಭೆಗಳಲ್ಲಿ ಈ ವಿಷಯ ಒಮ್ಮೆಯಾದರೂ ಚರ್ಚೆಯಾಗಿದೆಯೇ ಅಂತ ನಡಾವಳಿಯ ಪ್ರತಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದ್ದೇನೆ. ಬಂದರೆ ಇಲ್ಲೇ ಹಾಕುತ್ತೇನೆ. ನಿಮ್ಮ ಖಾತೆಯೂ ಹೋಲ್ಡ್ ಆಗಿದ್ದರೆ, ಸೀಲು ಬಿದ್ದ ಅರ್ಜಿಯ ಫೋಟೊ ತೆಗೆದು ಇಟ್ಟುಕೊಳ್ಳಿ, ನಮಗೂ ಕಳಿಸಿ. ಹೆಸರು, ಖಾತೆ ನಂಬರ್ ಮುಚ್ಚಿ ಕಳಿಸಿ.